ಯಾರ ಟವರಾದರೇನು, ಮಾತು ತಲುಪಲಿ

ಕೊಡಗಿನ ಕುಶಾಲನಗರದಲ್ಲಿ ಸಿಮ್ ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ಎಷ್ಟರ ರೀಚಾರ್ಜ್ ಬೇಕೆಂದಲ್ಲ, ಮನೆ ಯಾವ ಕಡೆ ಎಂದು. ಹಾರಂಗಿ ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆ: “ಡ್ಯಾಮಿನ ಹತ್ತಿರವಾ, ಹಿನ್ನೀರಿನ ಆಚೆಯಾ?” ಹತ್ತಿರವಾದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಆಚೆಯಾದರೆ ತೋಟ ಏರಿನಲ್ಲಿದೆಯೋ ಕೊಲ್ಲಿಯಲ್ಲಿದೆಯೋ, ಮನೆಯ ಮಾಡು ಹೆಂಚಿನದೋ ಶೀಟಿನದೋ, ಮಳೆಗಾಲದಲ್ಲಿ ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ಇಷ್ಟೂ ವಿಚಾರಿಸಿದ ಮೇಲೆಯೇ ಅವರು ಒಂದು ಕಂಪನಿಯ ಹೆಸರು ಹೇಳುವುದು. ಯಾವ ಜಾಹೀರಾತಿನಲ್ಲೂ ಇಲ್ಲದ ಈ ತಿಳಿವಳಿಕೆ ಇಲ್ಲಿನವರಿಗೆ ಬಳಕೆಯಿಂದ ಬಂದದ್ದು.

ಅದೇ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ನಮ್ಮ ಗಡಿನಾಡಿನ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಸೋಮವಾರಪೇಟೆ ಕಡೆಯಿಂದ ಬಂದವರ ಕನ್ನಡ, ಗೌಡರ ಮನೆಯವರ ಅರೆಭಾಷೆ, ಕೊಡವ ತಕ್ಕ್, ವ್ಯಾಪಾರಿಗಳ ಮಲಯಾಳ, ತೋಟದ ಕಾರ್ಮಿಕರ ಲೈನ್ ಮನೆಗಳ ತಮಿಳು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗರ ಹಿಂದಿ, ಹೊಳೆಯಾಚೆಯ ಬೈಲಕುಪ್ಪೆಯಿಂದ ಬಂದ ಟಿಬೆಟಿಯನ್ನರ ಕನ್ನಡ. ಎದುರಿಗಿದ್ದವರಿಗೆ ಯಾವುದು ತಿಳಿಯುತ್ತದೋ ಆ ಮಾತಿಗೆ ಇಳಿಯುವುದು ಇಲ್ಲಿನ ರೂಢಿ. 1956ರವರೆಗೆ ಕುಶಾಲನಗರದ ಕಾವೇರಿ ಸೇತುವೆಯೇ ಕೊಡಗು ರಾಜ್ಯಕ್ಕೂ ಮೈಸೂರು ರಾಜ್ಯಕ್ಕೂ ಗಡಿಯಾಗಿತ್ತು. ಆಗಲೂ ಮಾತಿಗೆ ಗೇಟು ಇರಲಿಲ್ಲ. ಎರಡು ಮೂರು ಭಾಷೆಯಲ್ಲಿ ಬದುಕುವವರಿಗೆ ತಲುಪುವುದು ಮುಖ್ಯ, ದಾರಿ ಯಾರದ್ದೆಂಬುದಲ್ಲ. ಫೋನಿನ ಜಾಲವೂ ಈ ರೀತಿಯಲ್ಲೇ ನಡೆಯಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಹಾರಂಗಿ ಹೊಳೆ ಪುಷ್ಪಗಿರಿ ಸೀಮೆಯಲ್ಲಿ ಹುಟ್ಟಿ ಕೂಡಿಗೆಯ ಬಳಿ ಕಾವೇರಿಯನ್ನು ಸೇರುತ್ತದೆ. ನಡುವೆ ಎಂಟೂವರೆ ಟಿಎಂಸಿ ನೀರು ಹಿಡಿಯುವ ನಮ್ಮ ಜಲಾಶಯ; ಅದರ ಗರಿಷ್ಠ ಮಟ್ಟ 2,859 ಅಡಿ. ಅಣೆಕಟ್ಟೆಯಿಂದ ಕೆಳಗೆ ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಕಡೆ ಗದ್ದೆ ಬಯಲು, ಶುಂಠಿ ಹೊಲ. ಅಲ್ಲಿ ಒಂದು ಟವರ್ ನಿಂತರೆ ಸುತ್ತಲ ಊರುಗಳಿಗೆಲ್ಲ ಅದು ಕಾಣುತ್ತದೆ. ಮೇಲೆ ಮಾದಾಪುರ, ಗರ್ವಾಲೆ, ಶಾಂತಳ್ಳಿಯತ್ತ ಹೋದಂತೆ ನೆಲ ಮಡಚಿಕೊಳ್ಳುತ್ತದೆ. 1,712 ಮೀಟರಿನ ಪುಷ್ಪಗಿರಿಯ ಬುಡದಲ್ಲಿ ಒಂದು ಮನೆಯ ಅಂಗಳದಲ್ಲಿ ಸಿಗುವ ಸಿಗ್ನಲ್ ಅದೇ ಮನೆಯ ಕಣದಲ್ಲಿ ಸಿಗದೆ ಹೋಗುವುದುಂಟು.

ಇದಕ್ಕೆ ಕಾರಣ ಗುಡ್ಡವೊಂದೇ ಅಲ್ಲ. ಕಡಿಮೆ ಆವರ್ತನದ ತರಂಗ ದೂರ ಹೋಗುತ್ತದೆ. ಮರ, ಗೋಡೆ ದಾಟಿ ಒಳಗೆ ಬರುತ್ತದೆ. 700, 850, 900 ಮೆಗಾಹರ್ಟ್ಜ್ ಈ ಬಗೆಯವು. 2,300 ಅಥವಾ 3,300 ಮೆಗಾಹರ್ಟ್ಜಿನ ತರಂಗ ಹೆಚ್ಚು ಡೇಟಾ ಹೊರುತ್ತದೆ, ಆದರೆ ಬೇಗ ಸೋಲುತ್ತದೆ. ಸಿಲ್ವರ್ ಓಕ್, ಹಲಸು, ನಂದಿ ಮರಗಳ ನೆರಳಿನ ಕಾಫಿ ತೋಟದಲ್ಲಿ, ಅದೂ ಎಲೆ ನೆನೆದ ಆಷಾಢದಲ್ಲಿ, ಅದರ ಶಕ್ತಿ ಇನ್ನೂ ಕುಗ್ಗುತ್ತದೆ. ಆದ್ದರಿಂದ ಪೇಟೆಯಲ್ಲಿ ಓಡುವ 5ಜಿ ನೋಡಿ ತೋಟದ ಮನೆಗೆ ಸಿಮ್ ಆರಿಸಬಾರದು. ಕೀಪ್ಯಾಡ್ ಫೋನು ಹಿಡಿದ ಹಿರಿಯರ ಲೆಕ್ಕವೇ ಬೇರೆ: 2ಜಿ ಇಲ್ಲದ ಜಿಯೋ ಜಾಲದಲ್ಲಿ ಅವರ ಹಳೆಯ ಫೋನು ನಡೆಯುವುದೇ ಇಲ್ಲ, ಅದಕ್ಕೆ 4ಜಿ ಹ್ಯಾಂಡ್‌ಸೆಟ್ ಬೇಕು.

ಹೋಲಿಸುವವರು ಪರದೆಯ ಮೇಲಿನ ಕಡ್ಡಿಗಳನ್ನೂ ನೆಚ್ಚಬಾರದು. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದನ್ನು ಫೋನು ತಯಾರಿಸಿದ ಕಂಪನಿ ತನಗೆ ತೋಚಿದಂತೆ ನಿಗದಿ ಮಾಡಿರುತ್ತದೆ. ನಿಜವಾದ ಅಳತೆ ಡಿಬಿಎಂ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಮ್ ಸ್ಟೇಟಸ್ ಎಂಬಲ್ಲಿ ಅದು ಸಿಗುತ್ತದೆ. ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನ, ಮೈನಸ್ 115 ಆಸುಪಾಸಿನಲ್ಲಿ ಮಾತು ತುಂಡಾಗುತ್ತದೆ. ಹತ್ತು ಅಂಕ ಇಳಿದರೆ ಬಲ ಹತ್ತನೆಯ ಒಂದು ಪಾಲಿಗೆ ಇಳಿದಂತೆ. ಒಂದೇ ಫೋನಿಗೆ ಬೇರೆ ಬೇರೆ ಸಿಮ್ ಹಾಕಿ, ಅಡುಗೆಮನೆ, ಜಗಲಿ, ಕಣ ಮೂರೂ ಕಡೆ ಈ ಸಂಖ್ಯೆ ಬರೆದುಕೊಂಡರೆ ನಿಮ್ಮ ಮನೆಗೆ ಯಾವುದು ಹೊಂದುತ್ತದೆಂದು ಗೊತ್ತಾಗುತ್ತದೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು 2011ರಿಂದ ಇದೆ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಕೆಲಸ ಶುರುವಾಗುತ್ತದೆ.

ಆದರೆ ಸಿಗ್ನಲ್ಲಿನ ಬಲ ಬೇಸಿಗೆಯ ಮಾತು. ನಮ್ಮಲ್ಲಿ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮರ ಬಿದ್ದು ಕರೆಂಟು ಹೋದರೆ ಟವರ್ ಬ್ಯಾಟರಿಯ ಮೇಲೆ ಕೆಲವು ಗಂಟೆ ನಿಲ್ಲುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬರಬೇಕು, ಬರಲು ರಸ್ತೆ ಇರಬೇಕು. ಬರೆ ಜರಿದು ಫೈಬರ್ ತುಂಡಾದರೆ ಟವರಿಗೆ ಕರೆಂಟಿದ್ದೂ ಪ್ರಯೋಜನವಿಲ್ಲ. ಹಿಂದಿನ ಲ್ಯಾಂಡ್‌ಲೈನಿಗೆ ಒಂದು ಗುಣವಿತ್ತು: ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು, ಮನೆ ಕತ್ತಲಾಗಿದ್ದರೂ ಫೋನು ರಿಂಗಾಗುತ್ತಿತ್ತು. ಆ ತಂತಿಗಳು ಊರಿಂದ ಊರಿಗೆ ಮಾಯವಾದವು. ಅವುಗಳ ಜಾಗಕ್ಕೆ ಬಂದ ಟವರುಗಳು ಎಷ್ಟು ಗಂಟೆ ಕರೆಂಟಿಲ್ಲದೆ ನಿಲ್ಲಬಲ್ಲವು ಎಂಬುದೇ ಮಲೆನಾಡಿನ ಮಟ್ಟಿಗೆ ಮೊದಲು ಹೋಲಿಸಬೇಕಾದ ಸಂಗತಿ.

ಜಿಲ್ಲೆಯ ಇನ್ನೊಂದು ಅಂಚಿಗೆ ಹೋದರೆ ಕಷ್ಟದ ಬಗೆ ಬೇರೆ. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿಗೆ ಇಳಿಯುವವರು ಮನೆಗೆ ಮೊದಲೇ ಹೇಳಿಬಿಡುತ್ತಾರೆ, ಇನ್ನು ಸ್ವಲ್ಪ ಹೊತ್ತು ಸಿಗುವುದಿಲ್ಲ ಎಂದು. ಕುಟ್ಟ, ಕರಿಕೆಯ ಅಂಚಿನಲ್ಲಿ ಫೋನು ಕೇರಳದ ಟವರನ್ನು ಹಿಡಿದು ಸ್ವಾಗತದ ಸಂದೇಶ ತೋರಿಸುತ್ತದೆ, ಮನುಷ್ಯ ಇನ್ನೂ ಕರ್ನಾಟಕದ ನೆಲದಲ್ಲೇ ಇರುತ್ತಾನೆ. ಕರಿಕೆಯವರಿಗೆ ಕೇರಳದ ಪಾಣತ್ತೂರು ಹತ್ತಿರದ ಪೇಟೆ. ಅದರಾಚೆ ಕಾಸರಗೋಡಿನ ಬಂದಡ್ಕದಲ್ಲಿ ಅರೆಭಾಷೆಯ ನೆಂಟರು. “ಚೇಟ್ಟಾ, ಕೇಳ್ಕುನ್ನುಂಡೋ?” ಎಂದು ಅಂಗಡಿಯವರಿಗೆ ಒಂದು ಕರೆ, “ಅಕ್ಕಾ, ಕೇಳ್ತಾ ಉಟ್ಟಾ?” ಎಂದು ನೆಂಟರಿಗೆ ಇನ್ನೊಂದು. ಒಳಬರುವ ಕರೆಗೂ ರೋಮಿಂಗ್ ದುಡ್ಡು ಕತ್ತರಿಸುತ್ತಿದ್ದ ವರ್ಷಗಳಲ್ಲಿ ಇಂಥ ಮನೆಗಳು ತಮ್ಮ ಅಂಗಳದಲ್ಲೇ ಕುಳಿತು ಪರರಾಜ್ಯದ ಶುಲ್ಕ ಕಟ್ಟಿದವು. ಆ ಶುಲ್ಕ ಹೋಯಿತು. ಎರಡು ರಾಜ್ಯಗಳ ನಡುವಿನ ಬೇಲಿ ತೆಗೆಯಲು ಸಾಧ್ಯವಾಯಿತು ಎಂಬುದಕ್ಕೆ ಅದೇ ಸಾಕ್ಷಿ. ಒಂದೇ ರಾಜ್ಯದೊಳಗೆ ಕಂಪನಿ ಕಂಪನಿಗಳ ನಡುವಿನ ಬೇಲಿ ಮಾತ್ರ ಉಳಿದಿದೆ.

ಸಂಪರ್ಕ ಸಿಗದಿದ್ದರೆ ತೆರಬೇಕಾದ ಬೆಲೆ ಏನೆಂದು ಕೋವಿಡ್ ಕಾಲ ತೋರಿಸಿತು. 2021ರಲ್ಲಿ ನಮ್ಮ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗುವ ಎತ್ತರಕ್ಕೆ ಬಿದಿರಿನ ಅಟ್ಟಣೆ ಕಟ್ಟಿ, ಮರದ ಮೇಲೆ ಕುಳಿತು ಪಾಠ ಮಾಡಿದರು. ಅದೇ ವರ್ಷದ ಮಳೆಗಾಲದಲ್ಲಿ, ಪುಷ್ಪಗಿರಿಯ ಆಚೆ ಬದಿಯ ಸುಳ್ಯ ತಾಲ್ಲೂಕಿನಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಹರಿದಾಡಿತು. ಶಿಕ್ಷಕರ ಶ್ರದ್ಧೆ, ತಂದೆಯ ಪ್ರೀತಿ ಎರಡೂ ದೊಡ್ಡವು. ಆದರೆ ಅವನ್ನು ಮೆಚ್ಚಿ ಸುಮ್ಮನಾದದ್ದು ಸರಿಯಲ್ಲ. ಸರ್ಕಾರಿ ಶಾಲೆಯ ಪಾಠಕ್ಕೆ ಮರ ಹತ್ತಬೇಕಾದ ಸ್ಥಿತಿ ಇತ್ತೆಂಬುದನ್ನು ಒಂದು ದೂರಿನಂತೆ ಓದಬೇಕಿತ್ತು.

ಪಾಠವಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಇದೆ. 2018ರ ಆಗಸ್ಟ್ ನಡುವಿನ ದಿನಗಳನ್ನು ಕೊಡಗಿನವರು ಮರೆಯುವಂತಿಲ್ಲ. ಮುಕ್ಕೋಡ್ಲು, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ರಸ್ತೆ, ಕರೆಂಟು, ಫೋನು ಒಟ್ಟಿಗೇ ಹೋದವು. ದೂರದ ಊರುಗಳಲ್ಲಿದ್ದ ಮಕ್ಕಳು ಸ್ವಿಚ್ ಆಫ್ ಎಂಬ ಉತ್ತರವನ್ನೇ ಕೇಳುತ್ತ ಕುಳಿತರು. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಜರಿದಾಗ, ಪಕ್ಕದ ವಯನಾಡಿನ ಚೂರಲ್‌ಮಲದಿಂದ ಸಹಾಯ ಬೇಡಿ ಮೊದಲು ಕರೆ ಮಾಡಿದವರಲ್ಲಿ ಆಸ್ಪತ್ರೆಯ ಸಿಬ್ಬಂದಿ ಮಹಿಳೆಯೊಬ್ಬರಿದ್ದರು. ಅವರು ಬದುಕಲಿಲ್ಲ, ಆದರೆ ಅವರ ಕರೆ ಹೊರಗೆ ತಲುಪಿತ್ತು. ಗುಡ್ಡದ ಬುಡದಲ್ಲಿ ಬದುಕುವವರಿಗೆ ಒಂದು ಕರೆ ಅಷ್ಟು ದೊಡ್ಡದು.

2023ರ ಅಕ್ಟೋಬರಿನಲ್ಲಿ ರಾಜ್ಯದ ಫೋನುಗಳೆಲ್ಲ ಒಮ್ಮೆಲೇ ಕೂಗಿದ್ದು ನೆನಪಿರಬಹುದು; ವಿಪತ್ತಿನ ಮುನ್ಸೂಚನೆ ಕೊಡುವ ವ್ಯವಸ್ಥೆಯ ಪರೀಕ್ಷೆ ಅದು. ಟವರ್ ಜೀವಂತವಾಗಿದ್ದರೆ ಮಾತ್ರ ಆ ಕೂಗು ಬರುತ್ತದೆ. ಬಂದ ಮೇಲೂ ಓದುವವರಿಗೆ ತಿಳಿಯಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಒಕ್ಕಲೆಬ್ಬಿಸಿದ ಆದಿವಾಸಿ ಕುಟುಂಬಗಳಿಗೆ ಕುಶಾಲನಗರದ ಬಳಿ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿದೆ. ಅವರ ಮನೆಮಾತು ಜೇನುಕುರುಬ, ಯರವ. ತೋಟದ ಲೈನ್ ಮನೆಗಳಲ್ಲಿ ತಮಿಳು, ಅಸ್ಸಾಮಿ. ಆನೆ ಯಾವ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶವಾಗಲಿ, ಮಳೆಯ ಎಚ್ಚರಿಕೆಯಾಗಲಿ ಕೇಳುವ ಧ್ವನಿಯಾಗಿ ಈ ಮಾತುಗಳಲ್ಲೂ ಬರಬೇಕು. ಬೆಳಗಿನ ಕತ್ತಲಲ್ಲಿ ಕೆಲಸಕ್ಕೆ ಹೊರಡುವವರು ಈ ಮಾತುಗಳನ್ನಾಡುವವರೇ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರ್ 27ರಂದು ಬಿಎಸ್ಸೆನ್ನೆಲ್‌ನ ಸ್ವದೇಶಿ 4ಜಿ ಜಾಲ 97,500ಕ್ಕೂ ಹೆಚ್ಚು ಟವರುಗಳೊಂದಿಗೆ ಉದ್ಘಾಟನೆಯಾಯಿತು. ಕಂಪನಿಗಳು ತಮ್ಮ ಜಾಲದ ನಕ್ಷೆಯನ್ನು 2ಜಿ, 4ಜಿ, 5ಜಿ ಎಂದು ವಿಂಗಡಿಸಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ನಿಯಮ ಮಾಡಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ.

ಆದರೆ ಅದೇ ನಿಯಮದ ಇನ್ನೊಂದು ಭಾಗ ನಮಗೆ ಅನ್ಯಾಯ ಮಾಡುತ್ತದೆ. ಸೇವೆ 24 ಗಂಟೆಗಿಂತ ಹೆಚ್ಚು ನಿಂತರೆ ಗ್ರಾಹಕರಿಗೆ ಪರಿಹಾರ ಉಂಟು. ಲೆಕ್ಕ ಹಿಡಿಯುವುದು ಮಾತ್ರ ಇಡೀ ಜಿಲ್ಲೆಯ ಮಟ್ಟದಲ್ಲಿ. ಪ್ರಕೃತಿ ವಿಕೋಪವಾದರೆ ಅದೂ ಇಲ್ಲ. ಕೊಡಗು 4,102 ಚದರ ಕಿಲೋಮೀಟರಿನ ಜಿಲ್ಲೆ. ಶಾಂತಳ್ಳಿಯ ಮೇಲಿನ ಒಂದು ಊರು ವಾರವಿಡೀ ಮೂಕವಾದರೂ ಮಡಿಕೇರಿಯಲ್ಲಿ ಫೋನು ನಡೆಯುತ್ತಿದ್ದರೆ ಜಿಲ್ಲೆ ಸಂಪರ್ಕದಲ್ಲಿದೆ ಎಂದೇ ಅರ್ಥ. ಗುಡ್ಡಗಾಡಿನ ಅಳತೆ ಗ್ರಾಮದ ಮಟ್ಟದಲ್ಲಿ, ಮಳೆಗಾಲದಲ್ಲಿ ಆಗಬೇಕು.

ಇನ್ನೊಂದು ಕೆಲಸಕ್ಕೆ ಹೊಸ ಟವರೂ ಬೇಕಿಲ್ಲ. ಸಿಗ್ನಲ್ ಇಲ್ಲದ ಕಡೆ ಫೋನು ‘ತುರ್ತು ಕರೆ ಮಾತ್ರ’ ಎಂದು ತೋರಿಸುತ್ತದಲ್ಲ, ಅದರ ಅರ್ಥ ಬೇರೊಂದು ಕಂಪನಿಯ ಟವರ್ ಅಲ್ಲಿಗೆ ತಲುಪುತ್ತಿದೆ ಎಂದು. 112ಕ್ಕೆ ಆ ಟವರ್ ಬಾಗಿಲು ತೆರೆಯುತ್ತದೆ, ಮನೆಗೆ ಮಾಡುವ ಕರೆಗೆ ತೆರೆಯುವುದಿಲ್ಲ. ಯಂತ್ರಕ್ಕೆ ಆಗುವ ಕೆಲಸವನ್ನು ತಡೆದಿರುವುದು ಬರೀ ಒಪ್ಪಂದದ ಕೊರತೆ. 2025ರ ಜನವರಿಯಲ್ಲಿ ಡಿಜಿಟಲ್ ಭಾರತ್ ನಿಧಿಯ ಹಣದಿಂದ ಕಟ್ಟಿದ ಟವರುಗಳಲ್ಲಿ ಬಿಎಸ್ಸೆನ್ನೆಲ್, ಏರ್‌ಟೆಲ್, ಜಿಯೋ ಗ್ರಾಹಕರು ಒಬ್ಬರ ಜಾಲವನ್ನು ಇನ್ನೊಬ್ಬರು ಬಳಸುವ ಸೌಲಭ್ಯಕ್ಕೆ ಕೇಂದ್ರ ಚಾಲನೆ ನೀಡಿತು. 27,000ಕ್ಕೂ ಹೆಚ್ಚು ಟವರುಗಳಿಂದ 35,000ಕ್ಕೂ ಹೆಚ್ಚು ಹಳ್ಳಿಗಳಿಗೆ ಅನುಕೂಲವೆಂದು ಆಗ ಹೇಳಲಾಯಿತು. ಚಂಡಮಾರುತ, ನೆರೆಯ ಸಮಯದಲ್ಲಿ ಇದೇ ಸೌಲಭ್ಯವನ್ನು ಕೆಲವು ದಿನಗಳ ಮಟ್ಟಿಗೆ ಎಲ್ಲ ಟವರುಗಳಿಗೂ ತೆರೆದ ಉದಾಹರಣೆಗಳಿವೆ. ಪಶ್ಚಿಮಘಟ್ಟದ ತಾಲ್ಲೂಕುಗಳಲ್ಲಿ ಯಾರ ಹಣದ ಟವರೇ ಆಗಲಿ, ಕನಿಷ್ಠ ಮಳೆಗಾಲದ ನಾಲ್ಕು ತಿಂಗಳು ಅದು ಎಲ್ಲರ ಟವರಾಗಬೇಕು. ಕುಟ್ಟ, ಕರಿಕೆಯಲ್ಲಿ ಕೇರಳದ ಟವರುಗಳೂ, ಆ ಬದಿಯವರಿಗೆ ನಮ್ಮ ಟವರುಗಳೂ ಹೀಗೆಯೇ ಒದಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಪ್ರತಿ ಗ್ರಾಮ ಪಂಚಾಯಿತಿ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣ, ಆದಿವಾಸಿಗಳ ಹಾಡಿ, ಲೈನ್ ಮನೆ ಇಷ್ಟು ಕಡೆ ಎಲ್ಲ ಕಂಪನಿಗಳ ಡಿಬಿಎಂ ಅಳೆದು ಪಟ್ಟಿ ಮಾಡಲಿ. ಬೇಸಿಗೆಯಲ್ಲಿ ಒಮ್ಮೆ, ಜುಲೈನಲ್ಲಿ ಕರೆಂಟು ಹೋದ ದಿನ ಮತ್ತೊಮ್ಮೆ. ಕಾಲೇಜಿಗೆ ಹೋಗುವ ಮಕ್ಕಳು ಒಂದು ಭಾನುವಾರದಲ್ಲಿ ಮುಗಿಸಬಲ್ಲ ಕೆಲಸ ಇದು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ನಿರ್ಣಯ ಮಾಡಿ, ಜಿಲ್ಲಾಧಿಕಾರಿಗಳಿಗೂ ಸಂಸದರಿಗೂ ಕಳಿಸಲಿ. ಕಂಪನಿಯ ನಕ್ಷೆಯ ಪಕ್ಕದಲ್ಲಿ ಊರಿನವರ ನಕ್ಷೆ ಇಟ್ಟರೆ ಯಾವುದು ನಿಜವೆಂದು ಯಾರೂ ವಾದಿಸಬೇಕಾಗುವುದಿಲ್ಲ. ಹಾರಂಗಿಯ ಹಿನ್ನೀರಿನ ಆಚೆಯಿಂದಲೇ ಈ ಕೆಲಸ ಶುರುವಾಗಲಿ, ಬರುವ ಗ್ರಾಮಸಭೆಗೆ ಮೊದಲೇ.