ಉಪ್ಪುನೀರು, ಸೆಕೆ ಮತ್ತು ಥಾಣೆ ಖಾಡಿ

ಏಪ್ರಿಲ್ ಬಂತೆಂದರೆ ಡೊಂಬಿವಲಿಯಲ್ಲಿ ಯಾವ ಮಾತು ಎತ್ತಿದರೂ ಅದು ಸೆಕೆಗೇ ಬಂದು ನಿಲ್ಲುತ್ತದೆ. ನಮ್ಮ ಕಟ್ಟಡದ ಹಿರಿಯರೊಬ್ಬರ ವಾದ ಹೀಗಿದೆ: ನವಿಮುಂಬಯಿಯವರ ಪಕ್ಕದಲ್ಲಿ ಖಾಡಿಯಿದೆ, ಉಪ್ಪುನೀರು ಹೆಚ್ಚು ಶಾಖ ಹೀರುತ್ತದೆ, ಅದಕ್ಕೇ ಅಲ್ಲಿ ತಂಪು. ಡೊಂಬಿವಲಿ, ಕಲ್ಯಾಣದವರಿಗೆ ಉಲ್ಹಾಸ್ ನದಿಯ ಸಪ್ಪೆ ನೀರೇ ಗತಿ. ಐರೋಳಿಯ ಆಫೀಸಿಗೆ ಹೋಗಿಬರುವ ನಾನು ದಿನವೂ ಎರಡು ಊರಿನ ಸೆಕೆಯನ್ನೂ ಉಣ್ಣುವವನು. ಹಾಗಾಗಿ ಈ ವಾದವನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಉಪ್ಪಿನ ಮಾತು ಪೂರ್ತಿ ತಲೆಕೆಳಗು. ಒಂದು ಕಿಲೋ ಸಿಹಿನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4.18 ಕಿಲೋಜೌಲ್ ಶಾಖ ಬೇಕು. ಕಿಲೋಗೆ 35 ಗ್ರಾಂನಷ್ಟು ಉಪ್ಪಿರುವ ಸಮುದ್ರದ ನೀರಿಗೆ ಸುಮಾರು 4.0 ಸಾಕು. ಉಪ್ಪು ನೀರಿನ ಜಾಗ ತಿಂದಿದೆ, ಅದಕ್ಕೇ ಹೀಗೆ ಎನ್ನೋಣವೇ? ಬರೀ ಆ ಲೆಕ್ಕ ಹಾಕಿದರೆ 4.06 ಬರಬೇಕು. ಉಳಿದ ಇಳಿಕೆಗೆ ಕಾರಣ ಉಪ್ಪಿನ ಅಯಾನುಗಳು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದರ ಕೈ ಒಂದು ಹಿಡಿದಿರುತ್ತವೆ. ಕೊಟ್ಟ ಶಾಖದ ಒಂದು ಪಾಲು ಆ ಹಿಡಿತ ಸಡಿಲಿಸುವುದಕ್ಕೇ ಖರ್ಚು. ಸೋಡಿಯಂ, ಕ್ಲೋರೈಡ್ ಅಯಾನುಗಳು ಸುತ್ತಲಿನ ಅಣುಗಳನ್ನು ತಮ್ಮತ್ತ ಸೆಳೆದು ಕೂರಿಸಿಬಿಡುತ್ತವೆ. ಕಲ್ಯಾಣ್ ಲೋಕಲ್‌ನಲ್ಲಿ ಸೀಟು ಸಿಕ್ಕವನಂತೆ, ಆಮೇಲೆ ಅವು ಸುಲಭಕ್ಕೆ ಅಲ್ಲಾಡುವುದಿಲ್ಲ.

ಹಾಗೆಂದು ಉಪ್ಪನ್ನು ದೂರುವಂತೆಯೂ ಇಲ್ಲ. ನಾವು ನೀರನ್ನು ಬಕೆಟ್ಟಿನಲ್ಲಿ ಅಳೆಯುತ್ತೇವೆ, ತಕ್ಕಡಿಯಲ್ಲಲ್ಲ. ಉಪ್ಪುನೀರು ಭಾರವಾದ್ದರಿಂದ ಬಕೆಟ್ಟಿಗೆ ಬಕೆಟ್ಟು ಹೋಲಿಸಿದರೆ ಅಂತರ ಶೇಕಡಾ 2ರಷ್ಟು ಮಾತ್ರ. ಖಾಡಿಯ ಆಚೆ ದಡದಲ್ಲಿ, ಭಾಂಡುಪ್, ಕಾಂಜುರ್‌ಮಾರ್ಗದ ಕಡೆ ಉಪ್ಪಿನಾಗರಗಳಿವೆ. ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇರುವಂಥವೇ. ಉಪ್ಪು ಹರಳುಗಟ್ಟುವ ಹೊತ್ತಿಗೆ ಅಲ್ಲಿನ ನೀರಿಗೆ ಕಿಲೋಗೆ 3.3 ಕಿಲೋಜೌಲ್ ಸಾಕು. ಆದರೂ ಲೀಟರಿನ ಲೆಕ್ಕದಲ್ಲಿ ಅದು ಸಿಹಿನೀರಿಗಿಂತ ಶೇಕಡಾ 5ರಷ್ಟೇ ಹಿಂದೆ. ಆಗರದ ನೀರು ಮಧ್ಯಾಹ್ನಕ್ಕೆ ಕಾದು ಬಿಡುವುದು ಉಪ್ಪಿನಿಂದಲ್ಲ, ಗೇಣುದ್ದವೂ ಆಳವಿಲ್ಲದ್ದರಿಂದ.

ಎಂಜಿನಿಯರುಗಳೂ ಆ 2 ಶೇಕಡಾಕ್ಕೆ ತಲೆ ಕೆಡಿಸಿಕೊಂಡವರಲ್ಲ. ವಾಶಿ ಸೇತುವೆಯಿಂದ ದಕ್ಷಿಣಕ್ಕೆ ಕಾಣುವ ಟ್ರಾಂಬೆಯಲ್ಲಿ, 1960ರಿಂದ 2010ರವರೆಗೆ ಇದ್ದ ಸೈರಸ್ ರಿಯಾಕ್ಟರಿನ ಶಾಖವನ್ನು ಕೊನೆಗೆ ಹೊತ್ತೊಯ್ದದ್ದು ಸಮುದ್ರದ ನೀರೇ. ನಮ್ಮ ಕೈಗಾ ಸ್ಥಾವರಕ್ಕೆ ಕದ್ರಾ ಜಲಾಶಯದ ಸಿಹಿನೀರು. ಉಪ್ಪುನೀರು ಬಳಸುವವರ ತಲೆನೋವು ಶಾಖದ್ದಲ್ಲ, ಕೊಳವೆಗೆ ಹಿಡಿಯುವ ತುಕ್ಕು ಮತ್ತು ಒಳಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳದ್ದು.

ಹಾಗಾದರೆ ಕಲ್ಯಾಣದಲ್ಲಿ ಬಿಸಿ ಯಾಕೆ ಹೆಚ್ಚು? ಸಮುದ್ರ ದೂರ, ಅಷ್ಟೆ. ದೊಡ್ಡ ನೀರು ನಿಧಾನ ಕಾಯುತ್ತದೆ, ನೆಲ ಬೇಗ ಕಾಯುತ್ತದೆ. ಮಧ್ಯಾಹ್ನ ಕಡಲಿಂದ ಹೊರಟ ಗಾಳಿ ಕಾಂಕ್ರೀಟು ದಾಟಿ, ಪಾರಸಿಕ್ ಗುಡ್ಡ ದಾಟಿ ಡೊಂಬಿವಲಿಗೆ ಬರುವಷ್ಟರಲ್ಲಿ ತನ್ನ ತಂಪನ್ನು ದಾರಿಯಲ್ಲೇ ಹಂಚಿ ಮುಗಿಸಿರುತ್ತದೆ. ಉಲ್ಹಾಸ್‌ನ ನೀರು ಸಪ್ಪೆಯೋ ಉಪ್ಪೋ ಎಂಬುದಕ್ಕೆ ಇದರಲ್ಲಿ ಪಾತ್ರವೇ ಇಲ್ಲ. ಅಷ್ಟಕ್ಕೂ ಉಬ್ಬರದ ನೀರು ಆ ನದಿಯಲ್ಲೂ ಕಲ್ಯಾಣದ ಕಡೆಗೆ ಏರಿ ಬರುತ್ತದೆ.

ಪಕ್ಕದಲ್ಲಿ ನೀರಿದೆ ಎಂಬ ಧೈರ್ಯ ನನಗೆ ಹಿಡಿಸುವುದಿಲ್ಲ. 2023ರ ಏಪ್ರಿಲ್ 16ರಂದು ಖಾರ್ಘರ್‌ನ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದು ಬಿಸಿಲಲ್ಲಿ ಕೂತಿದ್ದವರಲ್ಲಿ 14 ಮಂದಿ ತೀರಿಕೊಂಡರು. ಅದೂ ನವಿಮುಂಬಯಿಯೇ. ಕಡಲು ಉಷ್ಣಮಾಪಕವನ್ನು ಒಂದಿಷ್ಟು ಇಳಿಸಬಹುದು, ಆದರೆ ಜೊತೆಗೇ ಗಾಳಿಗೆ ತೇವ ತುಂಬುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದು ಹೇಗೆ?

ಇನ್ನು ಖಾಡಿ. ಇಳಿತದ ವೇಳೆ ಐರೋಳಿ ಸೇತುವೆಯಿಂದ ನೋಡಿ, ನೀರಿಗಿಂತ ಕೆಸರೇ ಹೆಚ್ಚು. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಜಾಗವಿದು. ಶಾಖ ಹಿಡಿದಿಡುವ ನೀರು ಇಲ್ಲಿಗೆ ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ಮಳೆಗಾಲದಲ್ಲಿ ಅದರ ಉಪ್ಪು ಇಳಿದಾಗ ಶಾಖದ ಲೆಕ್ಕ ಬದಲಾಗುವುದು ಆ ಒಂದೆರಡು ಶೇಕಡಾದೊಳಗೇ. ದಡದ ಕೆಸರಿಗೆ ಮಣ್ಣು ಸುರಿದರೆ ಮಾತ್ರ ಅಲ್ಲಿಗೆ ನೀರೇ ಬರುವುದಿಲ್ಲ. ವಾಶಿ, ನೆರೂಲಿನ ಎಷ್ಟೋ ಸೆಕ್ಟರುಗಳು ಹೀಗೆ ತುಂಬಿದ ನೆಲದ ಮೇಲೇ ನಿಂತಿವೆ.