ಮದುವೆಗೆ ಏನುಟ್ಟು ಹೋಗೋಣ?



ಪಾಸ್ಕ ಹಬ್ಬ ಕಳೆಯುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಸುಗ್ಗಿ ಆರಂಭವಾಗುತ್ತದೆ. ತಪಸ್ಸುಕಾಲದ ಮೌನ ಮುಗಿದು, ಭಾನುವಾರದ ಪೂಜೆಯ ಕೊನೆಯಲ್ಲಿ ಗುರುಗಳು ಮದುವೆಯ ಪ್ರಕಟಣೆಗಳನ್ನು ಒಂದೊಂದಾಗಿ ಓದತೊಡಗುತ್ತಾರೆ. ಮನೆಯ ಮೇಜಿನ ಮೇಲೆ ಬಣ್ಣಬಣ್ಣದ ಆಮಂತ್ರಣ ಪತ್ರಿಕೆಗಳು ಗುಡ್ಡೆಯಾಗುತ್ತವೆ. ಹಿಂದೆಲ್ಲ ಆ ಪತ್ರಿಕೆಗಳಲ್ಲಿ ನಾವು ಹುಡುಕುತ್ತಿದ್ದುದು ಮೂರೇ ವಿಷಯ: ಯಾವ ದೇವಾಲಯ, ಎಷ್ಟು ಗಂಟೆಗೆ, ಊಟ ಎಲ್ಲಿ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಪತ್ರಿಕೆಯ ಕೆಳಮೂಲೆಯಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಒಂದು ಸಣ್ಣ ಸಾಲು ಇರುತ್ತದೆ: 'ಡ್ರೆಸ್ ಕೋಡ್ – ಫಾರ್ಮಲ್'. ಈ ಒಂದು ಸಾಲು ನಮ್ಮ ಎಷ್ಟು ಮನೆಗಳಲ್ಲಿ ಗೊಂದಲ ಎಬ್ಬಿಸಿದೆ ಎಂಬುದನ್ನು ತಾವೂ ಕಂಡಿರಬಹುದು. ಅದರ ಬಗ್ಗೆ ಸ್ವಲ್ಪ ಯೋಚಿಸೋಣವೇ?

ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣಕ್ಕಿರುವ ಸುಬ್ರಹ್ಮಣ್ಯಪುರದಲ್ಲಿ. ಒಂದು ಕಾಲಕ್ಕೆ ಕೆರೆ, ಹೊಲ, ತೋಪುಗಳ ಹಳ್ಳಿಯಾಗಿದ್ದ ಈ ಊರು ಇಂದು ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಪದ್ಮನಾಭನಗರಗಳೊಡನೆ ಬೆರೆತು ಮಹಾನಗರದ ಭಾಗವೇ ಆಗಿದೆ. ಬಹುಮಹಡಿ ಕಟ್ಟಡದ ಮನೆಯೊಂದರಲ್ಲಿ ಸಾಫ್ಟ್‌ವೇರ್ ಉದ್ಯೋಗಿ ಇದ್ದರೆ, ಅದರ ಹಿಂದಿನ ಓಣಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಸೋದರಿ ಇದ್ದಾಳೆ. ಒಬ್ಬರ ಬೀರುವಿನಲ್ಲಿ ಮೂರು ಸೂಟುಗಳು. ಇನ್ನೊಬ್ಬರ ಟ್ರಂಕಿನಲ್ಲಿ ತಮ್ಮ ಮದುವೆಯ ಒಂದೇ ರೇಷ್ಮೆ ಸೀರೆ. ಹೊರದೇಶದವರು ಸಮಾರಂಭಗಳಿಗೆ ತೊಡುವ ಅಂಗಿಗಳನ್ನು ದಿನವಿಡೀ ಹೊಲಿಯುವ ಆಕೆಗೇ, ಸಂಬಂಧಿಕರ ಮದುವೆಗೆ ಏನುಟ್ಟು ಹೋಗಲಿ ಎಂಬ ಚಿಂತೆ. ಇಬ್ಬರಿಗೂ ಬರುವ ಆಮಂತ್ರಣ ಪತ್ರಿಕೆ ಮಾತ್ರ ಒಂದೇ.

ನನ್ನ ತಂಗಿಯ ಮಗಳ ಮದುವೆಯ ಪತ್ರಿಕೆ ಅಚ್ಚಾಗಿ ಬಂದಾಗ ಅದರಲ್ಲಿಯೂ ಈ ಸಾಲಿತ್ತು. ವರನ ಕಡೆಯವರ ಅಪೇಕ್ಷೆಯದು. ಅದರಲ್ಲಿ ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ. ಪತ್ರಿಕೆ ತಲುಪಿದ ಮೂರನೆಯ ದಿನ ಕನಕಪುರದ ಕಡೆಯ ಹಾರೋಬೆಲೆಯಿಂದ ನಮ್ಮ ದೊಡ್ಡಪ್ಪನವರ ಫೋನು ಬಂತು. ನಮ್ಮ ತಂದೆ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಓದಿಸಿ, ದಡ ಮುಟ್ಟಿಸಿದವರು ಅವರು. "ಅಲ್ಲ ಕಣಪ್ಪಾ, ಪತ್ರಿಕೇಲಿ ಅದೇನೋ ಫಾರ್ಮಲ್ಲು ಅಂತ ಹಾಕವ್ರಂತೆ, ಮೊಮ್ಮಗ ಓದಿ ಹೇಳ್ದ. ಕೋಟು ಬೂಟು ಇಲ್ದೋರು ಬರೋ ಹಂಗಿಲ್ವಾ? ನನ್ನ ತಾವ ಇರೋದು ಪಂಚೆ, ಶಲ್ಯ. ನಾನು ಇಲ್ಲೇ ಒಂದು ಪೂಜೆ ಒಪ್ಪಿಸ್ತೀನಿ ಬಿಡು, ಮಕ್ಳು ಚೆನ್ನಾಗಿರ್ಲಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ಸಿಟ್ಟಿಗೆ ಉತ್ತರ ಹೇಳಬಹುದು, ಹಿರಿಯರ ಸಂಕೋಚಕ್ಕೆ ಏನು ಹೇಳುವುದು? "ದೊಡ್ಡಪ್ಪಾ, ನಮ್ಮ ನಾಡಿನಲ್ಲಿ ಪಂಚೆ ಶಲ್ಯಕ್ಕಿಂತ ಗೌರವದ ಉಡುಪು ಯಾವುದಿದೆ? ನೀವು ಅದರಲ್ಲೇ ಬರಬೇಕು" ಎಂದೆ. "ಬಾಗಿಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ?" ಎಂದು ಅವರು ಮತ್ತೆ ಕೇಳಿದರು.

ಓದುಗರೇ, ಈ ಅಂಜಿಕೆ ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2014ರ ಜುಲೈ ತಿಂಗಳಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪುಸ್ತಕ ಬಿಡುಗಡೆಗೆಂದು ಬಂದ ಹೈಕೋರ್ಟ್ ನ್ಯಾಯಾಧೀಶರನ್ನೇ, ಅವರು ವೇಷ್ಟಿ ಉಟ್ಟಿದ್ದರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಪಂಚೆಯುಟ್ಟವರನ್ನು ಹೀಗೆ ತಡೆಯಬಾರದೆಂದು ತಮಿಳುನಾಡು ಅದೇ ವರ್ಷ ಕಾನೂನನ್ನೇ ಮಾಡಬೇಕಾಯಿತು. ಅಷ್ಟು ದೂರವೇಕೆ? 2024ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಟಿಕೆಟು ಕೈಯಲ್ಲಿದ್ದರೂ ಬಟ್ಟೆ ಮಾಸಿದೆಯೆಂದು ರೈತರೊಬ್ಬರನ್ನು ತಡೆಯಲಾಯಿತು. ಅದೇ ವರ್ಷದ ಜುಲೈಯಲ್ಲಿ, ಮಗನೊಡನೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲೊಂದಕ್ಕೆ ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು ಪಂಚೆ ಉಟ್ಟಿದ್ದಕ್ಕಾಗಿ ಬಾಗಿಲಲ್ಲೇ ನಿಲ್ಲಿಸಿದರು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಇದನ್ನೆಲ್ಲ ಕಂಡ ಹಳ್ಳಿಯ ಹಿರಿಯರು ಕಲ್ಯಾಣ ಮಂಟಪದ ಬಾಗಿಲನ್ನೂ ಹಾಗೆಯೇ ಎಣಿಸಿದರೆ ತಪ್ಪು ಅವರದಲ್ಲ.

ನಮ್ಮ ದೊಡ್ಡಪ್ಪನವರು ಕೊನೆಗೆ ಬಂದರು. ಕನಕಪುರ ರಸ್ತೆಯ ಬಸ್ಸಿನಲ್ಲಿ ಬಂದು ಕೋಣನಕುಂಟೆ ಕ್ರಾಸಿನಲ್ಲಿ ಇಳಿದ ಅವರನ್ನು ನನ್ನ ಮಗ ಕರೆತಂದ. ನೀಲಿ ಹಾಕಿ ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಬಾಡಿಗೆಯ ಕೋಟಿನೊಳಗೆ ಬೆವರುತ್ತಿದ್ದ ಎಷ್ಟೋ ಯುವಕರ ನಡುವೆ, ಆ ದಿನದ ಘನತೆಗೆ ಅವರಷ್ಟು ಒಪ್ಪುವಂತೆ ಉಟ್ಟವರು ಮತ್ತೊಬ್ಬರು ನನಗೆ ಕಾಣಲಿಲ್ಲ.

ಹಾಗಾದರೆ 'ಫಾರ್ಮಲ್' ಎಂದರೇನು? ಈ ಮಾತನ್ನು ಪಾಶ್ಚಾತ್ಯ ಸೂಟು, ಟೈ, ಗೌನುಗಳಿಗೆ ಮಾತ್ರ ಕಟ್ಟಿಹಾಕಬೇಕಾಗಿಲ್ಲ. ದಿನನಿತ್ಯದ ಕೆಲಸದ ಬಟ್ಟೆಯನ್ನು ಬದಿಗಿಟ್ಟು, ಸಮಾರಂಭಕ್ಕೆಂದೇ ಅಚ್ಚುಕಟ್ಟಾಗಿ, ಮರ್ಯಾದೆಯಿಂದ ಉಡುವುದೇ ಅದರ ಸಾರ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕರೆದವರ ಸಂತೋಷಕ್ಕೆ ನಾವು ಕೊಡುವ ಬೆಲೆ ನಮ್ಮ ಉಡುಪಿನಲ್ಲಿಯೂ ಕಾಣಬೇಕು. ಮಾಸಿದ ಜೀನ್ಸು, ಬರಹವಿರುವ ಟೀ ಶರಟು, ಸ್ನಾನದ ಮನೆಯ ಚಪ್ಪಲಿಗಳಲ್ಲಿ ಮದುವೆಗೆ ಬರುವುದು ಸರಳತೆಯಲ್ಲ, ಅಸಡ್ಡೆ. ಆದ್ದರಿಂದ ಉಡುಪಿನ ಬಗ್ಗೆ ಒಂದು ಸೂಚನೆ ಕೊಡುವುದೇ ತಪ್ಪೆಂದು ನಾನು ಹೇಳಲಾರೆ.

ಪದ್ಧತಿಗಳೂ ಶಾಶ್ವತವಲ್ಲ ಎಂಬುದನ್ನು ನೆನಪಿಡೋಣ. ವಧು ಬಿಳಿಯುಡುಗೆ ತೊಡುವುದು ಸನಾತನ ಕ್ರೈಸ್ತ ನಿಯಮವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. 1840ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಬಿಳಿಯ ಉಡುಗೆಯಲ್ಲಿ ಮದುವೆಯಾದ ನಂತರವೇ ಆ ರೂಢಿ ವ್ಯಾಪಕವಾಗಿ ಹರಡಿತು. ಮಂಗಳೂರಿನ ಕಥೋಲಿಕ ಕುಟುಂಬಗಳಲ್ಲಿ ವರನ ಮನೆಯವರು ಕೊಡುವ ಕೆಂಪು 'ಸಾಡೊ' ಸೀರೆಗೆ ಇಂದಿಗೂ ವಿಶೇಷ ಗೌರವವಿದೆ. ಸ್ತ್ರೀಯರು ದೇವಾಲಯದಲ್ಲಿ ತಲೆ ಮುಚ್ಚಿಕೊಳ್ಳಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ವಿಧಿ ಇಲ್ಲ. ಆದರೂ ನಮ್ಮ ಹಳ್ಳಿಗಳ ತಾಯಂದಿರು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಾಗ ಅದರಲ್ಲಿರುವುದು ಭಯವಲ್ಲ, ಭಕ್ತಿ.

ಈಗ ಅತಿಥಿಗಳಿಗೆ ಕೆಲವು ಪ್ರಾಯೋಗಿಕ ಮಾತುಗಳು. ಮೊದಲು, ಪೂಜೆಗೂ ಆರತಕ್ಷತೆಗೂ ಇರುವ ವ್ಯತ್ಯಾಸವನ್ನು ಗಮನಿಸೋಣ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ, ವಿಶೇಷ ಅನುಮತಿ ಇಲ್ಲದಿದ್ದರೆ ವಿವಾಹವು ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ನಡೆಯಬೇಕು. ಹೀಗಾಗಿ ದೇವಾಲಯದ ಸಂಸ್ಕಾರ ಹಗಲಿನದು; ಆರತಕ್ಷತೆ ಹೆಚ್ಚಾಗಿ ಸಂಜೆಯದು. ಹಗಲಿಗೆ ತಿಳಿಬಣ್ಣದ ರೇಷ್ಮೆ ಅಥವಾ ಒಳ್ಳೆಯ ಹತ್ತಿಯ ಸೀರೆ, ದುಪಟ್ಟಾ ಸಹಿತವಾದ ಸಲ್ವಾರ್ ಕಮೀಜು ಒಪ್ಪುತ್ತವೆ. ಪವಿತ್ರ ಪೀಠದ ಮುಂದೆ ಹೆಗಲು, ಬೆನ್ನು ಮುಚ್ಚುವಂತಿರಲಿ. ತೋಳಿಲ್ಲದ ರವಿಕೆಯಾದರೆ ಒಂದು ಶಾಲು ಜೊತೆಗಿರಲಿ. ಜರತಾರಿಯ ಸೀರೆ, ಗಾಢ ಬಣ್ಣ, ತುಸು ಹೆಚ್ಚಿನ ಆಭರಣಗಳನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಪುರುಷರಿಗೆ ತುಂಬುತೋಳಿನ ಅಂಗಿ, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಶೂ ಸಾಕು. 'ಸೂಟ್' ಎಂದೇ ಪತ್ರಿಕೆಯಲ್ಲಿದ್ದರೆ ಮಾತ್ರ ಕೋಟು. ಬಂದ್‌ಗಲಾ, ರೇಷ್ಮೆಯ ಜುಬ್ಬಾ, ಪಂಚೆ ಶಲ್ಯ – ಇವು ಯಾವುವೂ ಸೂಟಿಗಿಂತ ಕಡಿಮೆಯಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಸೂತ್ರ: ವಧುವಿನೊಡನೆ ಸ್ಪರ್ಧೆ ಬೇಡ. ಆಕೆ ಬಿಳಿಯಲ್ಲಿದ್ದರೆ ನಾವು ಅಪ್ಪಟ ಬಿಳಿಯ ಉದ್ದನೆಯ ಉಡುಗೆಯನ್ನು ಬಿಡೋಣ. ಕಪ್ಪು ಸೂಟು ಪಾಶ್ಚಾತ್ಯ ರೀತಿಯಲ್ಲಿ ಗೌರವದ್ದೇ ಆದರೂ, ಶುಭಕಾರ್ಯಕ್ಕೆ ಕಪ್ಪು ಬೇಡವೆನ್ನುವ ಹಿರಿಯರು ನಮ್ಮ ನಡುವೆ ಇದ್ದಾರೆ. ಕಡುನೀಲಿ ಅಥವಾ ಬೂದು ಬಣ್ಣ ಇಬ್ಬರಿಗೂ ಒಪ್ಪಿತವಾಗುತ್ತದೆ. ನಮ್ಮ ಮದುವೆಗೆ ಬರುವ ಹಿಂದೂ, ಮುಸಲ್ಮಾನ ನೆರೆಯವರು 'ನಿಮ್ಮ ದೇವಾಲಯಕ್ಕೆ ಹೇಗೆ ಬರಬೇಕು?' ಎಂದು ಸಂಕೋಚದಿಂದ ಕೇಳುವುದುಂಟು. ನಿಮ್ಮ ಮನೆಯ ಮದುವೆಗೆ ಹೇಗೆ ಹೋಗುವಿರೋ ಹಾಗೆಯೇ ಬನ್ನಿ, ಹೂವು, ಕುಂಕುಮ ಎಲ್ಲವೂ ಇರಲಿ ಎಂದು ಹೇಳೋಣ.

ನಮ್ಮ ಊರಿನ ಹವೆಯನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ಜನ ಕಿಕ್ಕಿರಿದ ಕಲ್ಯಾಣ ಮಂಟಪದಲ್ಲಿ ಉಣ್ಣೆಯ ಸೂಟು ತೊಟ್ಟ ಎಂಬತ್ತರ ಹಿರಿಯರಿಗೆ ತಲೆಸುತ್ತು ಬಂದರೆ ಆಶ್ಚರ್ಯವೇನು? ಸಂಜೆಗೆ ಮಳೆ ಬಂದರೆ ಸುಬ್ರಹ್ಮಣ್ಯಪುರದ ರಸ್ತೆಯ ಕೆಸರು ಯಾವ ರೇಷ್ಮೆಯ ಅಂಚನ್ನೂ ಬಿಡುವುದಿಲ್ಲ. ಒಂದು ಛತ್ರಿ ಇರಲಿ. ಸ್ಕೂಟರಿನಲ್ಲಿ ಬರುವ ಸೋದರಿಯರು ಸೆರಗನ್ನೂ ದುಪಟ್ಟಾವನ್ನೂ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಚಕ್ರಕ್ಕೆ ಸಿಕ್ಕಿದ ಸೆರಗು ಪ್ರಾಣಕ್ಕೇ ಎರವಾಗಬಹುದು. ಮಕ್ಕಳಿಗೆ ಚುಚ್ಚುವ ಜರಿಯ ಬಟ್ಟೆ ಹಾಕಿ, ಪೂಜೆಯಲ್ಲಿ ಅತ್ತಾಗ ಗದರುವುದು ಬೇಡ. ಮೆತ್ತಗಿನ, ಶುಭ್ರವಾದ ಬಟ್ಟೆ ಅವರಿಗೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಖರ್ಚಿನ ಮಾತು. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆ ನಮ್ಮ ನಾಡಿನ ಹೆಮ್ಮೆ. ಆದರೆ ಚಿನ್ನದ ಜರಿಯ ಆ ಸೀರೆಗೆ ಇಂದು ಹತ್ತಾರು ಸಾವಿರ ರೂಪಾಯಿ ಬೇಕು. ಒಂದು ತಿಂಗಳಲ್ಲಿ ನಾಲ್ಕು ಮದುವೆಯ ಕರೆ ಬಂದರೆ, ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಶಾಲೆಯ ಶುಲ್ಕ ಕಟ್ಟುವ ಕುಟುಂಬ ಏನು ಮಾಡಬೇಕು? ಸಾಲ ಮಾಡಿ ಉಟ್ಟ ಸೀರೆಯ ಕಂತು ಮದುವೆಯ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಇರುವ ಒಂದು ಒಳ್ಳೆಯ ಸೀರೆಯನ್ನೇ ನಾಲ್ಕು ಮದುವೆಗೂ ಉಡಿ. ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಬದಲಾಯಿಸಿಕೊಂಡು ಉಡುವುದು ನಾಚಿಕೆಯಲ್ಲ, ನಮ್ಮ ಹಳೆಯ ಪದ್ಧತಿಯೇ. 'ಈ ಸೀರೆ ಕಳೆದ ಮದುವೆಯಲ್ಲೂ ಇತ್ತಲ್ಲ?' ಎಂದು ಕೇಳುವ ನಾಲಿಗೆಯನ್ನು ನಾವು ಸ್ವಲ್ಪ ಹಿಡಿದುಕೊಂಡರೆ ಎಷ್ಟೋ ಮನೆಗಳ ಸಾಲ ತಪ್ಪುತ್ತದೆ.

ಕರೆಯುವವರಿಗೂ ಒಂದು ವಿನಂತಿ. ಉಡುಪಿನ ಸೂಚನೆ ಬೇಕೇಬೇಕೆನಿಸಿದರೆ ಅದನ್ನು ಕನ್ನಡದಲ್ಲಿ, ಆದರದಿಂದ ಬರೆಯಿರಿ: 'ತಮ್ಮಲ್ಲಿರುವ ಸಮಾರಂಭದ ಉಡುಪಿನಲ್ಲಿ ಬಂದು ಹರಸಬೇಕು, ಪಂಚೆ, ಸೀರೆ, ಸೂಟು ಎಲ್ಲವೂ ಸಂತೋಷವೇ'. ಕೇವಲ 'ಫಾರ್ಮಲ್' ಎಂಬ ಒಂಟಿ ಪದ ಓದಿದವನಿಗೆ ಆಜ್ಞೆಯಂತೆ ಕೇಳುತ್ತದೆ, ಓದಲಾರದವನಿಗೆ ಬೆದರಿಕೆಯಂತೆ. ಇಡೀ ಬಂಧುಬಳಗ ಒಂದೇ ಬಣ್ಣದಲ್ಲಿ ಬರಬೇಕೆಂಬ ಆಸೆಯಿದ್ದರೆ ಆ ಬಟ್ಟೆಯನ್ನು ನೀವೇ ಕೊಡಿಸಿ. ಕೊಡಿಸಲಾಗದಿದ್ದರೆ ಆ ಆಸೆಯನ್ನು ಬಿಡಿ. ಮನೆಯಲ್ಲಿ ವಿಧವೆಯಾದ ಅಕ್ಕನೋ ಚಿಕ್ಕಮ್ಮನೋ ಇದ್ದರೆ, ಬಣ್ಣದ ಸೀರೆಯೊಂದನ್ನು ಕೈಯಲ್ಲಿಟ್ಟು 'ಇದನ್ನುಟ್ಟು ಮುಂದಿನ ಸಾಲಿನಲ್ಲಿ ಕೂರಬೇಕು' ಎಂದು ನೀವೇ ಹೇಳಿ. ಕೇಳುವ ಧೈರ್ಯ ಅವರಿಗಿರುವುದಿಲ್ಲ.

ಮದುವೆಯ ಉಡುಪಿನ ಮಾತು ಬಂದಾಗ ಮತ್ತಾಯನ ಶುಭಸಂದೇಶದ ಸಾಮತಿ ನೆನಪಾಗದಿರದು. ರಾಜಕುಮಾರನ ಮದುವೆಗೆ ತಕ್ಕ ಉಡುಪಿಲ್ಲದೆ ಬಂದವನನ್ನು ಅರಸ ಹೊರಗೆ ಹಾಕಿಸಿದನಲ್ಲ, ದೇವರಿಗೂ ಡ್ರೆಸ್ ಕೋಡ್ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಆ ಉಡುಪು ಪ್ರೀತಿಯೇ ಹೊರತು ಬಟ್ಟೆಯಲ್ಲವೆಂದು ಸಂತ ಅಗಸ್ಟೀನರು ತಮ್ಮ ಪ್ರಬೋಧನೆಯಲ್ಲಿ ವಿವರಿಸಿದ್ದಾರೆ. ಬಟ್ಟೆಯ ಬಗ್ಗೆ ನೇರವಾಗಿ ಮಾತನಾಡುವವರು ಸಂತ ಯಕೋಬರು. ಚಿನ್ನದುಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ, ಕೊಳೆಬಟ್ಟೆಯ ಬಡವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯನ್ನು ಅವರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ತೀಕ್ಷ್ಣವಾಗಿ ಪ್ರಶ್ನಿಸುತ್ತಾರೆ. ಕಾನಾ ಊರಿನ ಮದುವೆಯಲ್ಲಿ ಯಾರು ಏನುಟ್ಟಿದ್ದರೆಂದು ಶುಭಸಂದೇಶ ಹೇಳುವುದಿಲ್ಲ. ದ್ರಾಕ್ಷಾರಸ ಮುಗಿದುದನ್ನು ಗಮನಿಸಿ, ಸದ್ದಿಲ್ಲದೆ ಮನೆಯವರ ಮಾನ ಕಾಪಾಡಿದ ಒಬ್ಬ ತಾಯಿಯ ಬಗ್ಗೆ ಹೇಳುತ್ತದೆ.

ಮುಂದಿನ ಮದುವೆಗೆ ಹೋಗುವಾಗ ನಮ್ಮಲ್ಲಿರುವುದರಲ್ಲೇ ಒಳ್ಳೆಯದನ್ನು ಒಗೆದು, ಇಸ್ತ್ರಿ ಮಾಡಿ ಉಟ್ಟು ಹೋಗೋಣ. ಅಲ್ಲಿ ಬಟ್ಟೆಯ ಸಂಕೋಚದಿಂದ ಹಿಂದಿನ ಕಂಬದ ಬಳಿ ನಿಂತವರು ಯಾರಾದರೂ ಕಂಡರೆ, ಅವರ ಕೈಹಿಡಿದು ಕರೆತಂದು ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ.