ಮೀನಬಾಯಿಯ ಮುಂದೆ ನಿಂತು

ಚೀನಾದ ಚೆಂಗ್ಡು ಶಹರಕ್ಕೂ ನಮ್ಮ ಬೆಂಗಳೂರಿಗೂ ಕಾಗದದ ಮೇಲೆ ನಂಟಸ್ತಿಕೆಯಿದೆ. 2013ರ ಅಕ್ಟೋಬರಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬೀಜಿಂಗಿಗೆ ಹೋದಾಗ ಇವೆರಡನ್ನೂ ಸೋದರಿ ನಗರಗಳೆಂದು ಒಪ್ಪಂದ ಮಾಡಿಕೊಂಡರು. ನಮ್ಮನ್ನು ಅಲ್ಲಿಗೆ ಎಳೆದದ್ದು ಮಾತ್ರ ಇಂದಿರಾನಗರದ ಮನೆಯ ಮೇಲ್ಮಹಡಿಯ ಬಾಡಿಗೆದಾರ. ಚೆಂಗ್ಡುವಿನಿಂದ ಬಂದಿದ್ದ ಟೆಲಿಕಾಂ ಎಂಜಿನಿಯರ್ ಹುಡುಗ ಅವನು. ಕೆ.ಆರ್. ಪುರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನುಗಳ ನಡುವೆಯೇ ತಲೆ ನರೆಸಿಕೊಂಡ ನಮ್ಮ ಯಜಮಾನರಿಗೂ ಅವನಿಗೂ ಸಂಜೆಯ ಹರಟೆ ಮುಗಿಯುತ್ತಲೇ ಇರಲಿಲ್ಲ. ಊರಿಗೆ ಮರಳುವಾಗ, "ನೀವು ನಮ್ಮನೆಗೆ ಬರದೆ ಇದ್ದರೆ ಅಪ್ಪ ಬೇಜಾರು ಮಾಡಿಕೊಳ್ತಾರೆ" ಎಂದು ಮಾತು ತೆಗೆದುಕೊಂಡೇ ಹೋಗಿದ್ದ.

ವಿಮಾನ ನಿಲ್ದಾಣದಲ್ಲಿ ಅವನ ಅಪ್ಪ, ಅಮ್ಮ ಕಾದಿದ್ದರು. ಜೊತೆಗೆ ಕಾಲೇಜಿನಲ್ಲಿ ಇಂಗ್ಲಿಷ್ ಓದುವ ಚಿಕ್ಕಪ್ಪನ ಮಗಳು, ನಮ್ಮ ದುಭಾಷಿ. ಅಪ್ಪ ನಿವೃತ್ತ ಶಾಲಾ ಮೇಷ್ಟ್ರು. ಎಲ್ಲೇ ನಿಲ್ಲಿಸಲಿ, ಮೊದಲು ಪಾಠ, ಆಮೇಲೆ ಫೋಟೋ. ಅಮ್ಮನಿಗೆ ನಮ್ಮ ಹೊಟ್ಟೆಯದೇ ಚಿಂತೆ. ಇಬ್ಬರೂ ಒಟ್ಟಿಗೇ ಮಾತಾಡಿದಾಗ ಆ ಹುಡುಗಿ ಯಾರದ್ದನ್ನು ಮೊದಲು ಹೇಳಲಿ ಎಂದು ಕಂಗಾಲಾಗಿ, ಕೊನೆಗೆ ಊಟದ ವಿಷಯವನ್ನೇ ಮುಂದೆ ಮಾಡುತ್ತಿದ್ದಳು.

ಪಾಂಡಾಗಳನ್ನು ನೋಡಿದೆವು. ಬಿದಿರು ಸಿಗಿದು ತಿನ್ನುವುದೊಂದೇ ಅವುಗಳ ಉದ್ಯೋಗ, ಅದನ್ನು ನೋಡುವುದೊಂದೇ ಅಲ್ಲಿ ನೆರೆದ ಜನಸಾಗರದ ಉದ್ಯೋಗ. ಮರುದಿನ ಮೇಷ್ಟ್ರು ರೈಲು ಹತ್ತಿಸಿದರು. ಸುಮಾರು 60 ಕಿಲೋಮೀಟರು, ಅರ್ಧ ಗಂಟೆ. ಬೆಳಗಿನ ಹೊತ್ತು ನಮ್ಮ ಟಿನ್ ಫ್ಯಾಕ್ಟರಿ ಸಿಗ್ನಲ್ ದಾಟಲೂ ಅಷ್ಟು ಬೇಕು. ಇಳಿದ ಊರು ದುಜಿಯಾಂಗ್ಯಾನ್. ಟಿಬೆಟ್ಟಿನ ಕಡೆಯ ಬೆಟ್ಟಗಳಿಂದ ದುಮುಕಿ ಬರುವ ಮಿನ್ ನದಿ ಬಯಲಿಗೆ ಕಾಲಿಡುವ ಜಾಗ ಅದು.

ಹಲಸೂರು ಕೆರೆಯ ದಂಡೆಯಲ್ಲಿ ಬೆಳೆದವಳು ನಾನು. ನೀರು ಎಂದರೆ ಏರಿ ಕಟ್ಟಿ ನಿಲ್ಲಿಸುವಂಥದ್ದು ಎಂದೇ ಎಣಿಕೆ. ಇಲ್ಲಿ ಏರಿಯೂ ಇಲ್ಲ, ಅಣೆಕಟ್ಟೂ ಇಲ್ಲ. ಹೊಳೆಯ ನಟ್ಟನಡುವೆ ಮೀನಿನ ಮೂತಿಯಂತೆ ಚೂಪಾಗಿ ಎದುರೊಡ್ಡಿ ನಿಂತ ದಿಬ್ಬವೊಂದಿದೆ, ಅದೇ ಮೀನಬಾಯಿ. ನೀರು ಭೋರೆಂದು ಬಂದು, ಅದಕ್ಕೆ ಬಡಿದು, ಎರಡಾಗಿ ಸೀಳಿ, ತನ್ನ ಪಾಡಿಗೆ ಹೋಗುತ್ತದೆ. ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಪ್ರಾಂತಾಧಿಕಾರಿ ಮಾಡಿಸಿದ ಏರ್ಪಾಡು. ನಮ್ಮಲ್ಲಿ ಅಶೋಕ ಆಳುತ್ತಿದ್ದ ಕಾಲ!

ಮೇಷ್ಟ್ರು ಕೊಡೆಯ ತುದಿಯಿಂದ ನೆಲದ ಮೇಲೆ ಗೀಚಿ ತೋರಿಸಿದರು. ಸೀಳಿದ ಎರಡರಲ್ಲಿ ಒಳಹೊಳೆ ಕಿರಿದು, ಆಳ. ಹೊರಹೊಳೆ ಅಗಲ, ತೆಳು. ಬೇಸಿಗೆಯಲ್ಲಿ ನೀರು ಇಳಿದಾಗ ಆಳವಿರುವ ಕಡೆಗೇ ನುಗ್ಗುತ್ತದೆ. ನೂರರಲ್ಲಿ 60 ಪಾಲು ಒಳಹೊಳೆಗೆ, ಅಂದರೆ ಗದ್ದೆಗಳಿಗೆ. ಪ್ರವಾಹ ಬಂದಾಗ ಅಗಲವಿದ್ದ ಕಡೆಗೆ ಹರಡಿಕೊಂಡು 60 ಪಾಲು ಹೊರಹೊಳೆಗೆ. ಬಾಗಿಲು ತೆರೆಯುವವರಿಲ್ಲದೆ ಹಂಚಿಕೆ ತಾನಾಗಿ ತಿರುವುಮುರುವಾಗುತ್ತದೆ. ತುಸು ಕೆಳಗೆ ತಗ್ಗಾದ ಒಡ್ಡೊಂದಿದೆ. ಹೆಚ್ಚಾದ ನೀರು ಸುಳಿ ತಿರುಗಿ ಮರಳು, ಕಲ್ಲುಗಳನ್ನು ಹೊತ್ತು ಅದರ ಮೇಲಿಂದ ಹಾರಿ ಮತ್ತೆ ಹೊರಹೊಳೆ ಸೇರುತ್ತದೆ. ನಮ್ಮ ಕೆರೆಗಳ ಕೋಡಿಯದೇ ಕೆಲಸ. ಉಳಿದದ್ದು ಬೆಟ್ಟ ಕಡಿದು ಮಾಡಿದ ಇಕ್ಕಟ್ಟಾದ ಕಂಡಿಯಲ್ಲಿ ನುಸುಳಿ ಚೆಂಗ್ಡು ಬಯಲಿಗೆ ಇಳಿಯುತ್ತದೆ. ಸಿಡಿಮದ್ದಿಲ್ಲದ ಕಾಲ, ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು, ಬಿರುಕು ಬಿಡಿಸಿ ಕಡಿದರಂತೆ. ಮೀನಬಾಯಿಯನ್ನಾದರೂ ಮೊದಲು ಕಟ್ಟಿದ್ದು ಬಿದಿರ ಬುಟ್ಟಿಗಳಲ್ಲಿ ಕಲ್ಲು ತುಂಬಿ. ಈಗ ಅದು ಕಾಂಕ್ರೀಟು. 1974ರಲ್ಲಿ ಹೊರಹೊಳೆಗೆ ಗೇಟುಗಳೂ ಬಂದವು. ಆ ಕೆಲಸದ ವೇಳೆ ಹೊಳೆಯ ತಳದಲ್ಲಿ ಸಾಕ್ಷಾತ್ ಲಿ ಬಿಂಗನ ಕಲ್ಲುಮೂರ್ತಿ ಸಿಕ್ಕಿತು: ಕ್ರಿ.ಶ. 168ರಲ್ಲಿ ಕಡೆದದ್ದು, ಎರಡಾಳೆತ್ತರಕ್ಕೆ ಹತ್ತಿರ, ಮೈಮೇಲೆ ಬರಹ.

ಕೇಳುತ್ತ ಕೇಳುತ್ತ ನನಗೆ ಕಟ್ಟಿದವನಿಗಿಂತ ಕಾಪಾಡಿದವರ ಮೇಲೆ ಬೆರಗು ಹೆಚ್ಚಿತು. ಹೊಳೆಯ ತಳದಲ್ಲಿ ಕಬ್ಬಿಣದ ದಿಮ್ಮಿಗಳನ್ನು ಹೂತಿಟ್ಟಿದ್ದಾರೆ. ಚಳಿಗಾಲದಲ್ಲಿ ನೀರು ತಿರುಗಿಸಿ ಹೂಳೆತ್ತುವಾಗ ಕಬ್ಬಿಣ ಕಾಣುವವರೆಗೂ ಅಗೆಯಬೇಕು. ಕಾಣದೆ ನಿಲ್ಲಿಸಿದರೆ ಕಳ್ಳಕೆಲಸ. ಹೂಳು ಆಳಕ್ಕೆ ತೆಗೆ, ಒಡ್ಡು ತಗ್ಗಾಗಿಯೇ ಇರಲಿ ಎಂಬ ಕಟ್ಟಳೆಯನ್ನು ದಡದ ಗುಡಿಯ ಗೋಡೆಯಲ್ಲೇ ಕೊರೆಸಿಟ್ಟಿದ್ದಾರೆ. ಅರಸುಮನೆತನಗಳು ಬಂದು ಹೋದರೂ ಬುಟ್ಟಿ ಗುದ್ದಲಿ ಬಿಡಲಿಲ್ಲ. 2008ರ ಮೇ 12ರ ಭೂಕಂಪದಲ್ಲಿ ಆ ಗುಡಿ ಜಖಂ ಆಯಿತು, ಮೀನಬಾಯಿ ಬಿರುಕು ಬಿಟ್ಟಿತಷ್ಟೆ. ಇಂದಿಗೂ ಲಕ್ಷಗಟ್ಟಲೆ ಎಕರೆ ಇದೇ ನೀರುಣ್ಣುತ್ತದೆ. ತೂಗುಸೇತುವೆಯ ಮೇಲೆ ನಿಂತರೆ ಕಾಲಡಿ ಹಲಗೆ ಜೋಲಾಡುತ್ತಿತ್ತು. ಕೆಳಗಿನ ಹಸಿರು ನೀರನ್ನು ನೋಡುತ್ತ ನಾವಿಬ್ಬರೂ ಮಾತು ಮರೆತೆವು.

ಮಧ್ಯಾಹ್ನ ಅಮ್ಮನ ಸರದಿ. ಕೆಂಪು ಎಣ್ಣೆಯಲ್ಲಿ ತೇಲುವ ತೋಫು ಬಾಯಿಗಿಟ್ಟೊಡನೆ ತುಟಿ ಜುಮ್ಮೆಂದಿತು. ಯಜಮಾನರು ಕಣ್ಣರಳಿಸಿ, "ಲೇ, ಜುಮ್ಮನಕಾಯಿ ಕಣೇ ಇದು!" ಎಂದರು. ನಮ್ಮ ಕರಾವಳಿಯವರು ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ದಾಯಾದಿಯೇ ಅವರ ಮೆಣಸು. ಇದನ್ನು ಕೇಳಿ ಅಮ್ಮ ಇನ್ನೊಂದು ಸೌಟು ಬಡಿಸಿದರು. ಬೇಡವೆನ್ನಲು ನಾಲಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ.

ಸಾನ್‌ಶಿಂಗ್‌ದೂಯಿ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ದರು. 1929ರಲ್ಲಿ ರೈತನೊಬ್ಬ ಕಾಲುವೆ ತೋಡುವಾಗ ಸುಳಿವು ಸಿಕ್ಕಿದ ಜಾಗ. 1986ರಲ್ಲಿ ಎರಡು ಗುಂಡಿಗಳಿಂದ ಮೂರು ಸಾವಿರ ವರ್ಷ ಹಿಂದಿನ ಕಂಚಿನ ಲೋಕವೇ ಎದ್ದು ಬಂತು. ಕಣ್ಣಗುಡ್ಡೆ ಕೊಳವೆಯಂತೆ ಮುಂಚಾಚಿದ ದೈತ್ಯ ಮುಖಗಳು, ಆಳೆತ್ತರ ಮೀರಿದ ಕಂಚಿನ ಮರ, ಆನೆದಂತದ ರಾಶಿ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹಿಡಿ ಕವಡೆ. ಹಿಂದೂ ಮಹಾಸಾಗರದ ಕಡೆಯಿಂದ ಬಂದಿರಬೇಕು ಎನ್ನುತ್ತಾರೆ ವಿದ್ವಾಂಸರು. ಅಷ್ಟು ಬೆಟ್ಟ ದಾಟಿಸಿ ತಂದವರು ಯಾರೋ!

ಹೊರಡುವ ಮುನ್ನಾದಿನ ಜನರ ಉದ್ಯಾನದ ಚಹಾ ಅಂಗಳದಲ್ಲಿ ಬಿದಿರ ಕುರ್ಚಿ ಎಳೆದುಕೊಂಡು ಕುಳಿತೆವು. ಮುಚ್ಚಳದ ಬಟ್ಟಲಿಗೆ ಬಿಸಿನೀರು ಸುರಿಯುತ್ತಲೇ ಇರುತ್ತಾರೆ, ಏಳೆಂದು ಯಾರೂ ಅನ್ನರು. ಕಿವಿ ತೆಗೆಯುವವನು ಚಿಮಟ ಟಿಂಗೆನ್ನಿಸುತ್ತ ಹಾದು ಹೋದ. ಆಗ ಮೇಷ್ಟ್ರು ಕೇಳಿದರು: "ನಿಮ್ಮ ಕೆರೆಯ ಹೂಳನ್ನು ಯಾರು ತೆಗೆಯುತ್ತಾರೆ?"

ಹೇಳಿದೆ. ತೂಬು ಕಾಯುವ ನೀರುಗಂಟಿ ಇದ್ದದ್ದು, ಬೇಸಿಗೆಯಲ್ಲಿ ರೈತರೇ ಗೋಡು ಹೇರಿಕೊಂಡು ಹೊಲಕ್ಕೆ ಹಾಕುತ್ತಿದ್ದದ್ದು, ಹಲಸೂರಿನ ಕೋಡಿ ನೀರು ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರುವುದು. 2022ರ ಸೆಪ್ಟೆಂಬರಿನಲ್ಲಿ ಅದೇ ಬೆಳ್ಳಂದೂರಿನ ಸುತ್ತ ನೀರಿಗೆ ದಾರಿಯಿಲ್ಲದೆ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನೂ ಮುಚ್ಚಿಡಲಿಲ್ಲ. ಹುಡುಗಿ ಒಂದೊಂದನ್ನೇ ನಿಧಾನವಾಗಿ ಅವರಿಗೆ ಮುಟ್ಟಿಸಿದಳು. ಮೇಷ್ಟ್ರು ನಗಲಿಲ್ಲ. "1933ರಲ್ಲಿ ಮೇಲಿನ ಕಣಿವೆಯಲ್ಲಿ ಭೂಕಂಪವಾಗಿ, ಕಟ್ಟಿಕೊಂಡ ನೀರು ಒಡೆದು ಬಂದು ನಮ್ಮದೂ ಕೊಚ್ಚಿಹೋಗಿತ್ತು. ಮತ್ತೆ ಕಟ್ಟಿದರು" ಎಂದರು. ಆಮೇಲೆ ಪಾಠ ಒಪ್ಪಿಸು ಎನ್ನುವ ದನಿಯಲ್ಲಿ, "ನಾವು ಬಂದರೆ ನಿಮ್ಮದನ್ನು ತೋರಿಸುತ್ತೀರಾ?"

ಯಜಮಾನರು ನನ್ನ ಮುಖ ನೋಡಿದರು. "ಬನ್ನಿ" ಎಂದೆ. "ಹಲಸೂರಿನಿಂದ ರಾಜಕಾಲುವೆ ಹಿಡಿದು ಬೆಳ್ಳಂದೂರಿನ ತನಕ ನಡೆಯೋಣ. ಕಾಲುವೆ ಎಲ್ಲೆಲ್ಲಿ ಕಾಣೆಯಾಗುತ್ತದೋ ಅಲ್ಲಲ್ಲಿ ನಿಂತು, ಹೂಳೆತ್ತುವ ಸರದಿ ಯಾರದ್ದು ಎಂದು ನೀವೇ ಕೇಳಿ. ದುಭಾಷಿ ನಾನಾಗುತ್ತೇನೆ."